ಬುಧ ವಕ್ರವೂ ಕುಕ್ಕುಂದೂರಿನ ಚಿಕ್ಕಮ್ಮನೂ

ಮಾರಾಯ್ರೆ, ಇವತ್ತು ಮಾನ ಹೋಯಿತು. ಕುಕ್ಕುಂದೂರಿನ ಚಿಕ್ಕಮ್ಮನ ಮನೆಗೆ ಹೋಗಿ ಮಗಳ ಮದುವೆ ಕಾಗದ ಕೊಡಲು ಉದಾಸೀನವಾಗಿ, "ಬುಧ ವಕ್ರಿಯಾಗಿದ್ದಾನೆ, ಈಗ ಪ್ರಯಾಣ ಆಗುವುದಿಲ್ಲವಂತೆ" ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿ, ಕಾಗದವನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಆಮೇಲೆ ಹೆಂಡತಿ, ಮಗಳೊಂದಿಗೆ ಕಾಪು ಬೀಚಿಗೆ ಹೋದೆ.

ಸಂಜೆ ಮಣಿಪಾಲದ ಮನೆಗೆ ಬಂದರೆ ಜಗಲಿಯಲ್ಲಿ ಚಿಕ್ಕಮ್ಮ! "ನಿನಗೆ ಬರಲಿಕ್ಕೆ ಆಗುವುದಿಲ್ಲ ಅಲ್ವಾ ಮಗಾ, ಕಾಗದ ಕೈಯಲ್ಲೇ ತೆಗೆದುಕೊಳ್ಳುವ ಅಂತ ನಾನೇ ಬಂದೆ" ಎಂದರು. ನನ್ನ ಕಾಲಿಗೆ ಅಂಟಿದ್ದ ಬೀಚಿನ ಹೊಯ್ಗೆ ನೋಡಿದರು.

ಕಾಗದ ಕೊಟ್ಟು ಕಾಲಿಗೆ ಬಿದ್ದೆ. "ಕಾರಿನಲ್ಲಿ ಮನೆಗೆ ಬಿಡುತ್ತೇನೆ ಚಿಕ್ಕಮ್ಮ" ಎಂದೆ.

"ಬೇಡ ಮಗಾ, ಬಸ್ಸುಂಟು. ನಿನಗೆ ಪ್ರಯಾಣ ಆಗುವುದಿಲ್ಲ."

ಬುಧನಿಗಾದರೆ ಶಾಂತಿ ಮಾಡಿಸಬಹುದು. ಚಿಕ್ಕಮ್ಮನಿಗೆ ಎಂತ ಮಾಡಿಸುವುದು?