ನೆಗೊಂಬೊದಲ್ಲಿ ನಮ್ಮ ಪವಿ ಹಾಡು ಹಾಕಿದ ದಿನ

ಶುಕ್ರವಾರ ಬೆಳಿಗ್ಗೆ ನಾನೂ ನನ್ನ ಗೆಳೆಯ ಅನ್ವರನೂ ಶಿವಾಜಿನಗರದಲ್ಲಿ ಏರ್‌ಪೋರ್ಟ್ ಬಸ್ ಹತ್ತಿದೆವು. ನಾನು ಹಲಸೂರಿನವನು, ನಲವತ್ತು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು ಬದುಕಿದವನು. ಅನ್ವರ್ ಶಿವಾಜಿನಗರದಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ. ನನ್ನ ಸ್ಪೀಕರುಗಳ ಕಾಯಿಲ್ ಸುಟ್ಟರೆ ಸುತ್ತಿಕೊಡುತ್ತಿದ್ದವನು ಅವನೇ. ಅಲ್ಲಿಯವರೆಗೆ ಇಬ್ಬರೂ ವಿಮಾನವನ್ನು ಕೆಳಗೆ ನಿಂತು ನೋಡಿದವರು.

ನನ್ನ ಮಗಳ ಮಗಳು ಪವಿತ್ರ ಡಿಜೆ. ಇಂದಿರಾನಗರದಲ್ಲಿ ಶನಿವಾರ ಶನಿವಾರ ಹಾಡು ಹಾಕುತ್ತಾಳೆ. ಶ್ರೀಲಂಕಾದ ನೆಗೊಂಬೊದಲ್ಲಿ, ಕಡಲ ದಂಡೆಯ ಮೇಲೆ ನಡೆಯುವ ಒಂದು ದಿನದ ದೊಡ್ಡ ಸಂಗೀತ ಮೇಳದಲ್ಲಿ ಎರಡು ವರ್ಷ ಅವಕಾಶ ಕೇಳಿ ಕೇಳಿ ಈ ಸಲ ಅವಳಿಗೆ ಒಂದು ಗಂಟೆ ಸಿಕ್ಕಿತ್ತು. ಮನೆ ಕಡೆಯಿಂದ ಇಬ್ಬರು ಬನ್ನಿ ಎಂದು ಟಿಕೆಟ್ ಮಾಡಿಸಿ ತಾನು ಮುಂಚೆಯೇ ಹೋಗಿದ್ದಳು. ನನ್ನ ಹೆಂಡತಿ ನೆಲ ಬಿಟ್ಟು ಮೇಲೆ ಬರುವುದಿಲ್ಲ ಅಂದಳು. ಆಗ ಪವಿಯೇ, ಅನ್ವರ್ ತಾತ ಬರಲಿ, ನನಗೆ ಮೊದಲು ವೈರ್ ಬೆಸುಗೆ ಹಾಕುವುದು ಕಲಿಸಿದ್ದು ಅವರು ಅಂದಳು. ನನಗಾದ ಸಂತೋಷ ಹೇಗೆ ಹೇಳಲಿ! ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಇಸ್ತ್ರಿ ಅಂಗಡಿಯವನಿಗಂತೂ ಮೂರು ಸಲ ಹೇಳಿದೆನಂತೆ.

ಅನ್ವರ್ ಮಾತ್ರ ಹೊರಡಲು ಹಿಂದೆಮುಂದೆ ನೋಡಿದ. ತಾಯಿ ಹೋದ ಮೇಲೆ ಅವನನ್ನು ಸಾಕಿದ ಅಕ್ಕ ಜುಬೇದಾ ಮಳೆಗಾಲದಿಂದ ಹಾಸಿಗೆ ಹಿಡಿದಿದ್ದರು. ನಾವೆಲ್ಲ ಅವರನ್ನು ಆಪಾ ಅಂತಲೇ ಕರೆಯುವುದು. ನನಗೂ ಅವರ ಕೈಯ ಅನ್ನದ ಋಣ ಇದೆ. ಹಿಂದಿನ ಸಂಜೆ ನಾನು ನೋಡಲು ಹೋದಾಗ, ಆಪಾ ಮಲಗಿದ್ದಲ್ಲಿಂದಲೇ ತಮ್ಮನನ್ನು ಬೈದರು.

"ಎರಡು ದಿನಕ್ಕೆ ನಾನೇನು ಎದ್ದು ಓಡಿಹೋಗ್ತೀನೇನೋ? ಹುಡುಗಿ ಕರೆದವ್ಳೆ, ಹೋಗು."

ಅವರ ಮಗಳು ಶಾಹಿನಾ ನಕ್ಕಳು. ಅನ್ವರ್ ನಗಲಿಲ್ಲ. ಭಾನುವಾರ ಮಧ್ಯಾಹ್ನದೊಳಗೆ ವಾಪಸ್ ಬಂದು ಅಕ್ಕನ ಪಕ್ಕ ಕೂರಬೇಕು, ದಾರಿಯುದ್ದಕ್ಕೂ ಅವನ ತಲೆಯಲ್ಲಿ ಅದೊಂದೇ.

ವಿಮಾನ ಒಂದೂವರೆ ಗಂಟೆಯದು. ಮೇಲೇಳುವಾಗ ಅನ್ವರ್ ಕಣ್ಣು ಮುಚ್ಚಿ ನನ್ನ ತೋಳು ಹಿಡಿದುಕೊಂಡ. ನಾನು ಕಿಟಕಿಗೆ ಮುಖ ಒತ್ತಿ ಕೂತೆ. ಇಳಿದ ಮೇಲೆ ಕಾಗದಕ್ಕೆ ಸಹಿ ಹಾಕು ಅಂದರು, ನಾಲ್ಕನೇ ಕ್ಲಾಸಿನಲ್ಲಿ ಕಲಿತ ಕನ್ನಡದ ಸಹಿಯನ್ನೇ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ. ನೆಗೊಂಬೊ ಅಲ್ಲಿಂದ ಹತ್ತಿರ. ಆಟೋದವನು ಎರಡು ಸಾವಿರ ಕೇಳಿದಾಗ ನಾನು ಚೀಲ ಎತ್ತಿಕೊಂಡು ನಡೆಯಲು ಹೊರಟೆ. ಅಲ್ಲಿಯ ರೂಪಾಯಿ ಬೇರೆ, ನಮ್ಮ ಲೆಕ್ಕದಲ್ಲಿ ಆರುನೂರೂ ಆಗುವುದಿಲ್ಲ ಎಂದು ಅನ್ವರ್ ಸಮಾಧಾನ ಮಾಡಿದ. ಆಟೋದವನಿಗೆ ತಮಿಳು ಬರುತ್ತಿತ್ತು, ಹಲಸೂರಿನಲ್ಲಿ ಬೆಳೆದ ನನಗೂ ಬರುತ್ತದೆ. ಮೊಮ್ಮಗಳ ವಿಷಯ ಅವನಿಗೂ ಹೇಳಿದೆ. ಅವನು ಖುಷಿಪಟ್ಟ, ಬಾಡಿಗೆ ಮಾತ್ರ ಇಳಿಸಲಿಲ್ಲ. ರಾತ್ರಿ ಊಟಕ್ಕೆ ಒತ್ತುಶ್ಯಾವಿಗೆಯಂಥದ್ದು, ತೆಂಗಿನಕಾಯಿ ಚಟ್ನಿ, ಮೀನು ಸಾರು. ಅನ್ವರ್ ಶಾಹಿನಾಗೆ ಫೋನ್ ಮಾಡಿದ. ಆಪಾ ಗಂಜಿ ಕುಡಿದರು ಅಂದಳಂತೆ. ಆಮೇಲೆ ಅವನು ಚೆನ್ನಾಗಿ ಉಂಡ.

ಶನಿವಾರ ಹತ್ತು ಗಂಟೆಗೇ ಬಿಸಿಲು ಉರಿಯುತ್ತಿತ್ತು. ನಿಂತಲ್ಲೇ ಬೆವರು ಇಳಿಯುತ್ತಿತ್ತು. ಒಂದು ಕಡೆ ಕಡಲು, ಒಂದು ಕಡೆ ತೆಂಗಿನ ತೋಪು, ನಡುವೆ ವೇದಿಕೆ. ನಾವು ಕಂಬಕ್ಕೆ ಹಾರ್ನ್ ಕಟ್ಟಿದವರು. ಅಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ಬಾಳೆಗೊನೆಯ ಹಾಗೆ ಒಂದರ ಕೆಳಗೊಂದು ಮೇಲಿನಿಂದ ತೂಗುಬಿಟ್ಟಿದ್ದರು. ಪವಿ ನಮ್ಮಿಬ್ಬರನ್ನೂ ವೇದಿಕೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದಳು. ಮೇನ್ ಸ್ವಿಚ್ ಎಲ್ಲಿ ಅಂತ ಕೇಳಿದೆ. ಅವಳು ನಕ್ಕು, "ನಮ್ಮ ತಾತ ಎಲ್ಲಿ ಹೋದ್ರೂ ಮೊದಲು ಆಫ್ ಮಾಡೋದು ಹುಡುಕ್ತಾರೆ" ಎಂದು ಅನ್ವರನಿಗೆ ಹೇಳಿದಳು.

ಅದು ನಮ್ಮ ಕಸುಬಿನ ಪದ್ಧತಿ. ಬೀದಿಯಲ್ಲಿ ಸಾವಾದರೆ ಮೈಕ್‌ಸೆಟ್ ನಿಲ್ಲಬೇಕು. ಹೆಣ ಬೀದಿ ದಾಟುವವರೆಗೆ ಮತ್ತೆ ಹಾಕುವ ಹಾಗಿಲ್ಲ. ಯಾರ ಸಾವು, ಯಾವ ಜಾತಿ, ಯಾವ ಮತ ಅಂತ ಕೇಳುವುದಿಲ್ಲ. ಒಂದು ಸಲ ಆರತಕ್ಷತೆಯ ಮಧ್ಯದಲ್ಲಿ ನಾನೇ ವೈರ್ ಕಿತ್ತೆ, ಹೆಣ್ಣಿನ ಮಾವ ನನ್ನ ಕೊರಳಪಟ್ಟಿ ಹಿಡಿದ. ಪವಿ ಆಗ ಚಿಕ್ಕವಳು, ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ನೋಡಿದ್ದಳು.

ಮಧ್ಯಾಹ್ನ ಅನ್ನದ ಪೊಟ್ಟಣ ಬಿಚ್ಚುವ ಹೊತ್ತಿಗೆ ಅನ್ವರನ ಫೋನ್ ಹೊಡೆದುಕೊಂಡಿತು. ಎದ್ದು ಡೇರೆಯ ಹಿಂದೆ ಹೋದ. ಬಂದವನು ಪೊಟ್ಟಣವನ್ನು ಮತ್ತೆ ಮಡಚಿದ. ಕೇಳಿದ್ದಕ್ಕೆ, ಶಾಹಿನಾ ಫೋನು, ನೀನು ಉಣ್ಣು ಅಂದ. ಆಮೇಲೆ ತೆಂಗಿನ ಮರದ ಕೆಳಗೆ ಟವೆಲ್ ಹಾಸಿ ಕಡಲ ಕಡೆಗೆ ಮುಖ ಮಾಡಿ ನಮಾಜ್ ಮಾಡಿದ. ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು ಅನ್ನಿಸಿತು. ಹೊಸ ಜಾಗ, ಬಿಸಿಲು, ಅದಕ್ಕೇ ಇರಬೇಕು ಅಂದುಕೊಂಡೆ.

ಐದು ಗಂಟೆಗೆ ಪವಿ ವೇದಿಕೆ ಹತ್ತಿದಳು. ಮೊದಲು ಒಂದೇ ಒಂದು ಸದ್ದು, ಬಾವಿಗೆ ನೀರು ತೊಟ್ಟಿಕ್ಕಿದ ಹಾಗೆ. ಅದರ ಮೇಲೆ ಇನ್ನೊಂದು ಕೂಡಿಸಿದಳು, ಇನ್ನೊಂದು ಕೂಡಿಸಿದಳು. ಆಮೇಲೆ ದಪ್ಪ ಸದ್ದು ಬಿಟ್ಟಾಗ ಮರಳು ಕಾಲಡಿ ನಡುಗಿತು. ಕಡಲವರೆಗೂ ನಿಂತಿದ್ದ ಜನ, ಯಾವ ಯಾವ ದೇಶದವರೋ, ಒಟ್ಟಿಗೆ ಕೈ ಎತ್ತಿದರು. ಸ್ಪೀಕರು ಒಂದು ಸಲವಾದರೂ ಕುಯ್ ಅನ್ನಲಿಲ್ಲ, ಸದ್ದು ಒಡೆಯಲಿಲ್ಲ. ಅಷ್ಟು ಜನ ನನ್ನ ಮೊಮ್ಮಗಳ ಬೆರಳನ್ನು ಕಾಯುತ್ತಿದ್ದರು! ನನಗೆ ಅಳು ಬಂತು. ಅನ್ವರ್ ಮರಳಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವನ ಕೆನ್ನೆಯೂ ಒದ್ದೆಯಾಗಿತ್ತು. ನನ್ನಂತೆ ಅವನೂ ಸಂತೋಷಕ್ಕೆ ಅಳುತ್ತಿದ್ದಾನೆಂದು ಹೆಗಲು ಹಿಡಿದು ಅಲುಗಾಡಿಸಿದೆ. ಪವಿ ಮೇಲಿನಿಂದ ಕೈ ಬೀಸಿದಾಗ ಎರಡೂ ಕೈ ಎತ್ತಿ ಬೀಸಿದ.

ಅವಳು ಇಳಿದು ಬಂದಾಗ ಹೊತ್ತು ಮುಳುಗುತ್ತಿತ್ತು. ಅನ್ವರ್ ಅವಳ ತಲೆಯ ಮೇಲೆ ಕೈಯಿಟ್ಟು ಶಹಭಾಷ್ ಬೇಟಾ ಅಂದ. ಆಮೇಲೆ ನನ್ನ ಕಡೆ ತಿರುಗಿದ.

"ಆಪಾ ಹೋಗ್ಬಿಟ್ರು, ಮುನಿಯಪ್ಪ."

"ಯಾವಾಗ?"

"ಊಟದ ಹೊತ್ತಲ್ಲಿ ಫೋನ್ ಬಂತಲ್ಲ, ಆಗ್ಲೇ. ಐದಕ್ಕೆ ಮಣ್ಣು ಮಾಡಿದ್ರು. ವಿಮಾನ ಸಿಕ್ಕಿದ್ರೂ ಮುಟ್ತಿರ್ಲಿಲ್ಲ. ಕಾಯ್ಬೇಡಿ ಅಂತ ನಾನೇ ಹೇಳ್ದೆ."

ಐದು ಗಂಟೆ ಅಂದರೆ ಪವಿ ಮೊದಲ ಸದ್ದು ಬಿಟ್ಟ ಹೊತ್ತು. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಕೇಳುವಾಗ ಸಿಟ್ಟೂ ಬಂದಿತ್ತು.

"ಹೇಳಿದ್ರೆ ನೀನು ಹೋಗಿ ವೈರ್ ಕೀಳ್ತಿದ್ದೆ" ಅಂದ. "ಹುಡುಗಿ ಎರಡು ವರ್ಷ ಕಾದಿದ್ಲು."

ಕೀಳುತ್ತಿದ್ದೆ, ನಿಜ. ವೇದಿಕೆಯ ಮೇಲೆ ಆಗಲೇ ಬೇರೆ ಯಾರೋ ಹುಡುಗ ಶುರು ಮಾಡಿದ್ದ. ಪವಿಯನ್ನು ಫೋಟೋ ತೆಗೆಯಲು ಕರೆಯುತ್ತಿದ್ದರು. ಅವಳು ಹೋಗಲಿಲ್ಲ. ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದು ಗೆಳತಿಯ ಕೈಗೆ ಕೊಟ್ಟು ಅನ್ವರನ ಕೈ ಹಿಡಿದಳು. ನಿಲ್ಲಿಸುವುದಕ್ಕೆ ನಮ್ಮಿಂದ ಆಗುವುದಿಲ್ಲ, ಬನ್ನಿ, ಈ ಸದ್ದು ಕೇಳಿಸದ ಕಡೆಗೆ ಹೋಗೋಣ ಅಂದಳು.

ದಂಡೆ ಹಿಡಿದು ನಡೆದೆವು. ಆ ದಪ್ಪ ಸದ್ದು ಬೆನ್ನು ಬಿಡಲಿಲ್ಲ. ನಿಂತಿತು ಅನ್ನುವಷ್ಟರಲ್ಲಿ ಗಾಳಿ ಮತ್ತೆ ತಂದು ಹಾಕುತ್ತಿತ್ತು. ಮೀನುಗಾರರ ದೋಣಿಗಳು, ಹರಡಿದ ಬಲೆಗಳು, ಉಪ್ಪುಮೀನಿನ ವಾಸನೆ. ಇಲ್ಲಿ ಸಾಕು ಬೇಟಾ ಎಂದು ಅನ್ವರ್ ಎರಡು ಸಲ ಅಂದ.

"ಇನ್ನೂ ಕೇಳಿಸ್ತಿದೆ ತಾತ" ಅಂದಳು ಪವಿ.

ಕೊನೆಯ ದೋಣಿ ದಾಟಿದ ಮೇಲೆ ಬರೀ ಅಲೆಯ ಸದ್ದು. ಪವಿ ನಿಂತು ಕಿವಿಗೊಟ್ಟು ನೋಡಿ, ಕೈ ಬಿಟ್ಟಳು. ಅನ್ವರ್ ಮರಳಲ್ಲಿ ಕುಸಿದು ಕೂತು, ಚಿಕ್ಕ ಮಕ್ಕಳ ಹಾಗೆ ದನಿ ತೆಗೆದು ಅತ್ತ. ನಾವಿಬ್ಬರೂ ಅವನ ಆಚೆ ಈಚೆ ಕೂತೆವು.

ಭಾನುವಾರ ಮಧ್ಯಾಹ್ನ ಶಿವಾಜಿನಗರದಲ್ಲಿ ಬಸ್ಸಿಳಿದು ನೇರವಾಗಿ ಅವನ ಮನೆಗೆ ಹೋದೆವು. ಆಪಾ ಮಲಗುತ್ತಿದ್ದ ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಅದಿದ್ದ ಜಾಗದಲ್ಲಿ ಚಾಪೆ ಹಾಸಿ ಜನ ಕೂತಿದ್ದರು. ಶಾಹಿನಾ ಮಾಮುವನ್ನು ತಬ್ಬಿಕೊಂಡಳು, ಆಮೇಲೆ ನಮಗೆ ಚಹಾ ತಂದಳು. ಅವರ ಕಡೆಯ ಹಿರಿಯರೊಬ್ಬರು ಬೇಸರದಿಂದಲೇ, ಸಾಕಿದ ಅಕ್ಕನ ಮಣ್ಣಿಗೂ ಬರದಷ್ಟು ದೊಡ್ಡ ಕೆಲಸ ಏನಿತ್ತು ಎಂದು ಅನ್ವರನನ್ನು ಕೇಳಿದರು. ಅವನ ಪರವಾಗಿ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ತಲೆಯೆತ್ತಿದ.

"ನಮ್ಮ ಮೊಮ್ಮಗಳು ಹಾಡು ಹಾಕಿದ್ಲು" ಅಂದ. "ಕೇಳೋಕೆ ಹೋಗಿದ್ದೆ."