ಗೋಡೆಯಾಚೆಯ ತವರು

ಮೊನ್ನೆ ದೇವದುರ್ಗದಲ್ಲಿ ಬಸ್ಸಿಳಿದು ನೆಂಟರ ಮನೆ ಹುಡುಕುತ್ತ ಹೊರಟಿದ್ದೆ. ಹಳೆಯ ಓಣಿಯ ತಿರುವಿನಲ್ಲಿ ಜೋಳದ ಅಳ್ಳು ಹುರಿಯುವ ವಾಸನೆ ಬಂತು. ಕಾದ ಮಡಕೆಯಲ್ಲಿ ಜೋಳ ಚಟಚಟ ಸಿಡಿದು ಬಿಳಿ ಹೂವಾಗುವಾಗ ಬರುತ್ತದಲ್ಲ, ಚೂರು ಸುಟ್ಟ, ಚೂರು ಸಿಹಿಯಾದ ವಾಸನೆ… ನಾಗರ ಪಂಚಮಿ ಹತ್ತಿರ ಬಂದಿತ್ತು.

ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಬಸ್ಸು ಬರದಿದ್ದರೆ ಬಸ್ಸಿನ ಚಿಂತೆ, ಬಂದರೆ ಅದರ ಬ್ರೇಕಿನ ಚಿಂತೆ. ರಾಯಚೂರು ಬಿಟ್ಟಾಗಿನಿಂದ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎಂಬುದೇ ತಲೆಯಲ್ಲಿ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸನ್ನೂ ಕೇಳಿದ್ದೆ. ಪಾಪ, ಅವಳು ಏನು ಹೇಳಿಯಾಳು. ಆ ವಾಸನೆ ಮೂಗಿಗೆ ತಾಕಿದ್ದೇ ಕೀಲಿ ಮರೆತುಹೋಯಿತು. ವಾಸನೆ ಬರುತ್ತಿದ್ದ ಬಾಗಿಲು ನನಗೆ ಗೊತ್ತಿದ್ದ ಬಾಗಿಲು.

ಅದು ಬಾಜೂಮನೆಯ ಆಯಿಯ ಮನೆ. ಅದಕ್ಕೆ ಗೋಡೆ ಹಚ್ಚಿಕೊಂಡಿದ್ದದ್ದು ನಾನು ಸೊಸೆಯಾಗಿ ಬಂದ ಮನೆ. ಅದನ್ನು ನಾವು ಮಾರಿ ರಾಯಚೂರು ಸೇರಿ ಎಷ್ಟೋ ಕಾಲವಾಯಿತು. ಆಯಿ ಅರಕೇರಾದ ಮಗಳು. ಸಣ್ಣ ವಯಸ್ಸಿನಲ್ಲೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಹಿತ್ತಲಲ್ಲಿ ಒಂದು ಬೇವಿನ ಮರ, ಒಳಗೆ ಒಂದು ಒಲೆ, ಬಾಯಲ್ಲಿ ಯಾರಿಗೂ ಹೆದರದ ಮಾತು. ಇಷ್ಟೇ ಅವಳ ಆಸ್ತಿ.

ಎರಡನೆಯ ಮಹಾಯುದ್ಧದ ಕಾಲ ಅದು. ನನ್ನ ಮದುವೆಯಾದ ಮೇಲಿನ ಎರಡನೆಯ ಪಂಚಮಿ. ನಮ್ಮ ಕಡೆ ಪಂಚಮಿಗೆ ಮಗಳು ತಾನಾಗಿ ತವರಿಗೆ ಹೋಗುವಂತಿಲ್ಲ. ಅಲ್ಲಿಂದ ಯಾರಾದರೂ ಬುತ್ತಿ ಹೊತ್ತು, ಗಾಡಿ ಕಟ್ಟಿಕೊಂಡು ಬಂದು ಕರೆಯಬೇಕು. ನನ್ನ ತವರು ಮಲ್ಲಟ. ಅಪ್ಪ ಅವ್ವ ಇರಲಿಲ್ಲ. ಇದ್ದ ಒಬ್ಬ ಅಣ್ಣ ಹೈದರಾಬಾದಿನಲ್ಲಿ ನೌಕರಿಗೆ ಸೇರಿದ್ದ. ರಜೆ ಸಿಗಲಿಲ್ಲವೆಂದು ಊರ ಕಡೆಯವರೊಬ್ಬರ ಕೈಲಿ ಹೇಳಿ ಕಳಿಸಿದ್ದ. ಓಣಿಯ ಸೊಸೆಯಂದಿರು ಒಬ್ಬೊಬ್ಬರಾಗಿ ಗಾಡಿ ಹತ್ತಿ ಹೋದರು. ನಾನು ಉಳಿದೆ. ಕರೆಯುವವರಿಲ್ಲದ ಸೊಸೆಗೆ ಅತ್ತೆಮನೆಯಲ್ಲಿ ಎಷ್ಟು ಬೆಲೆ ಎಂದು ನನ್ನ ಚಿಂತೆ ಹಗಲೂ ರಾತ್ರಿ ಲೆಕ್ಕ ಹಾಕುತ್ತಿತ್ತು.

ಆಯಿ ಗೋಡೆಯ ಮೇಲಿಂದ ಕೇಳಿದ್ದಳು. "ಏನಬೇ, ನಿಮ್ಮಣ್ಣ ಯಾವಾಗ ಬರ್ತಾನ?"

"ಬರ್ತಾನ್ರೀ ಆಯಿ. ಮಳಿಗೆ ಗಾಡಿ ತಡಾ ಆಗಿರಬೇಕು."

ಮಳೆ ಬಂದು ಬಹಳ ದಿನವಾಗಿತ್ತು, ಓಣಿಯಲ್ಲಿ ಧೂಳು ಹಾರುತ್ತಿತ್ತು. ಆಯಿ ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಒಳಗೆ ಹೋದಳು.

ಮರುದಿನ ಅವಳು ಓಣಿಯ ಮನೆಮನೆಗೆ ಹೋದದ್ದು ನನಗೆ ಆಮೇಲೆ ಗೊತ್ತಾಯಿತು. ಬೆಲ್ಲ ಸಿಗದ ದಿನಗಳವು. ಒಂದು ಮನೆಯಿಂದ ಬೆಲ್ಲದ ಹೆಂಟೆ, ಒಂದು ಮನೆಯಿಂದ ಶೇಂಗಾ, ಇನ್ನೊಂದರಿಂದ ಎಳ್ಳು. ಕೊಡಲು ಹಿಂದೆಮುಂದೆ ನೋಡಿದವರಿಗೆ, "ನನಗಲ್ಲ ಬೇ, ಓಣಿ ಮಾನಕ್ಕ" ಎಂದಳಂತೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎತ್ತಿನ ಗೆಜ್ಜೆ ಸದ್ದು ಕೇಳಿಸಿತು. ಗಾಡಿ ನಮ್ಮ ಬಾಗಿಲಿಗೇ ನಿಂತಿತು. ಅಣ್ಣನೇ ಬಂದನೆಂದು ಬಾಗಿಲಿಗೆ ಓಡಿದೆ. ಇಳಿದವಳು ಆಯಿ. ಕಂಕುಳಲ್ಲಿ ಬುತ್ತಿಯ ಪುಟ್ಟಿ.

ಅತ್ತೆ ಹೊಸ್ತಿಲಿಗೆ ಬಂದರು. "ಗಾಡಿ ಕಟ್ಟಿಗೊಂಡು ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲರೀ ಬೀಗತಿ. ನಿಮ್ಮ ಮನಿಗೇ ಬಂದೀನಿ, ಮಗಳ್ನ ಕರಿಯಾಕ. ಮೊದಲ ಕಾಲಿಗೆ ನೀರು ಕೊಡ್ರಿ, ದೂರದಿಂದ ಬಂದೀನಿ."

ಗಾಡಿ ಹೊಡೆಯುವ ಅರಕೇರಾದವನು ನಗು ತಡೆಯಲಾರದೆ ಹೇಳಿದ. "ಹಳ್ಳದ ತನಕ ಹೋಗಿ ತಿರುಗಿಸಿಗೊಂಡು ಬಂದೀವ್ರೀ ಯವ್ವಾ. ಸೀದಾ ಬಂದ್ರ ಎತ್ತು ಹೆಜ್ಜಿ ಇಡೂದ್ರಾಗ ನಿಮ್ಮ ಮನಿ ಬಂದುಬಿಡ್ತದ."

"ಗ್ವಾಡಿ ಆಚಿಗೆ ಎಂಥಾ ತವರು? ಮಂದಿ ನಗ್ತಾರ" ಎಂದರು ಅತ್ತೆ.

"ನಗಲಿ. ಹಬ್ಬದಾಗ ನಗಬೇಕು. ದೇವದುರ್ಗದಾಗ ಪಂಚಮಿ ದಿನ ಸೊಸಿ ಬಾಗಿಲ ಹಿಂದ ಕುಂತು ಅಳ್ತಿದ್ಲಂತ ಮಾನ್ವಿ ತನಕ ಸುದ್ದಿ ಹೋದ್ರ, ಅದು ನಗೂ ಮಾತು."

ಅತ್ತೆ ದನಿ ತಗ್ಗಿಸಿದರು. "ಗಂಡ ಇಲ್ಲದಾಕಿ ಕರಿಯಾಕ ಬರಬಾರದು. ನಿಮಗ ಗೊತ್ತಿಲ್ಲೇನು?"

ಗಾಡಿಯವನು ಎತ್ತಿನ ಕೊರಳ ಹಗ್ಗ ಸರಿಮಾಡುವವನಂತೆ ಆ ಕಡೆ ತಿರುಗಿದ. ನನ್ನ ಗಂಡ ಒಳಗೆ ಓದುತ್ತಿದ್ದ ಪತ್ರಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು. ಆಯಿ ಮಾತ್ರ ಅಲುಗಲಿಲ್ಲ.

"ಗೊತ್ತದ. ತವರಿಗೆ ಗಂಡ ಬೇಕಾಗಿಲ್ಲರೀ, ಬಾಗಿಲು ಬೇಕು. ನಂದದ."

ಅತ್ತೆ ಬುತ್ತಿಯ ಪುಟ್ಟಿ ನೋಡಿದರು. ಬುತ್ತಿ ಹೊತ್ತು ಬಂದವರನ್ನು ತಿರುಗಿ ಕಳಿಸುವುದು ಯಾವ ಮನೆಗೂ ಒಳ್ಳೆಯ ಹೆಸರಲ್ಲ. ಕೊನೆಗೆ ಒಳಗೆ ಹೋಗಿ, ತಂಬಿಗೆಯಲ್ಲಿ ನೀರು ತಂದು ಆಯಿಯ ಕಾಲ ಮುಂದೆ ಇಟ್ಟರು. ಸ್ವಲ್ಪ ಜೋರಾಗಿಯೇ ಇಟ್ಟರು.

ಗಾಡಿ ಹತ್ತಿದೆ. ಅದು ಆಯಿಯ ಬಾಗಿಲು ದಾಟಿ ಮತ್ತೆ ಹಳ್ಳದ ತನಕ ಹೋಗಿ, ಸುತ್ತು ಹಾಕಿ ಅದೇ ಬಾಗಿಲಿಗೆ ಬಂತು. ನಾನು ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ತವರಿಗೆ ಹೋಗುವ ಸಂತೋಷದಲ್ಲೂ ಎತ್ತಿನ ಬಾಡಿಗೆಯ ಚಿಂತೆ.

ಆ ದಿನಗಳು ಹೇಗೆ ಕಳೆದವೋ… ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದಳು. ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು. ಹುತ್ತಕ್ಕೆ ಹಾಲೆರೆಯುವಾಗ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಎರೆದೆ. ಆಯಿಯ ಪಾಲು ಎಂದಾಗ ಅವಳು ಮೂಗು ಒರೆಸಿಕೊಂಡು, "ನೆಗಡಿ" ಎಂದಳು. ಒಮ್ಮೆ ಜೋಕಾಲಿಯ ಮೇಲಿದ್ದಾಗ ಗೋಡೆಯಾಚೆಯಿಂದ ಅತ್ತೆಯ ಕೂಗು ಬಂತು. "ಲೇ, ಹಾಲು ಉಕ್ಕಾಕತ್ತದ, ಬಾ ಬೇ." ಅಭ್ಯಾಸಬಲದಿಂದ ಧುಮುಕಲು ಹೋದೆ. ಆಯಿ ಹಗ್ಗ ಗಟ್ಟಿ ಹಿಡಿದು ಗೋಡೆಯ ಕಡೆ ತಿರುಗಿದಳು.

"ನಿಮ್ಮ ಸೊಸಿ ಊರಾಗಿಲ್ಲರೀ."

ಆ ಕಡೆಯಿಂದ ಅತ್ತೆ ನಕ್ಕದ್ದು ಕೇಳಿಸಿತು. ಅವರು ನಗುವುದನ್ನು ನಾನು ಮೊದಲ ಸಲ ಕೇಳಿದ್ದೆ.

ಕಳಿಸುವ ದಿನ ಬಂತು. ತವರಿಂದ ಮಗಳು ಬರಿದಾದ ಮಡಿಲಲ್ಲಿ ಹೊರಡಬಾರದು. ಉಡಿ ತುಂಬಿ ಕಳಿಸಬೇಕು. ಆಯಿ ಮೊರದಲ್ಲಿ ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು, ಅರಿಶಿನ ಬೇರು ಎಲ್ಲ ಹೊಂದಿಸಿದ್ದಳು. ಗಾಡಿ, ಬುತ್ತಿ, ಬೆಲ್ಲ, ಹಗ್ಗ ಯಾವುದನ್ನೂ ಮರೆತಿರಲಿಲ್ಲ. ಉಡಿ ತುಂಬುವ ಕೈ ಯಾರದೆಂಬುದನ್ನು ಮಾತ್ರ ಮರೆತಿದ್ದಳು. ಅದು ಮುತ್ತೈದೆಯ ಕೈಯಾಗಬೇಕು. ಮೊರ ಹಿಡಿದು ನನ್ನ ಮುಂದೆ ಬಂದವಳು ಹಾಗೇ ನಿಂತುಬಿಟ್ಟಳು. ಊರನ್ನೇ ಎದುರಿಸಿದವಳು ನನ್ನ ಸೆರಗಿನ ಮುಂದೆ ಮೊರವನ್ನು ಹಿಂದಕ್ಕೆ ಎಳೆದುಕೊಂಡಳು. ನನಗೇನಾದರೂ ಕೇಡಾದರೆ ಎಂದು ಅವಳಿಗೂ ಚಿಂತೆ. ಜೀವಮಾನದಲ್ಲಿ ಅವಳು ಚಿಂತೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ತುಂಬ್ರಿ ಆಯಿ" ಎಂದೆ.

"ಬ್ಯಾಡಬೇ. ಅಷ್ಟು ಗಟ್ಟಿ ಇಲ್ಲ ನಾನು."

ಬಾಗಿಲು ಸದ್ದಾಯಿತು. ಅತ್ತೆ ಬಂದಿದ್ದರು. ಗೋಡೆಯ ಮೇಲಿಂದ ನೋಡುತ್ತಿದ್ದರೆಂದು ಕಾಣುತ್ತದೆ. ಸೀದಾ ಬಂದು ಮೊರದ ಒಂದು ಅಂಚು ಹಿಡಿದರು. ಆಯಿ ಮೊರ ಬಿಟ್ಟು ಹಿಂದೆ ಸರಿಯಲು ಹೋದಳು.

"ಎಲ್ಲಿಗೆ ಹೊಂಟ್ರಿ?" ಎಂದರು ಅತ್ತೆ. "ತವರು ನಿಮ್ಮದು. ನಾ ಒಬ್ಬಾಕಿ ಹೆಂಗ ತುಂಬಲಿ? ಹಿಡೀರಿ."

"ಬೀಗತಿ, ನಾಳಿ ಏನರ ಆದ್ರ…"

"ಆದ್ರ ನನ್ನ ಸೊಸಿಗೆ ಆಗ್ತದ. ನಾ ನೋಡ್ಕೋತೀನಿ. ಹಿಡೀರಿ ಅಂದೆ."

ಇಬ್ಬರೂ ಹಿಡಿದು ತುಂಬಿದರು. ಅಕ್ಕಿ ಸ್ವಲ್ಪ ನೆಲಕ್ಕೆ ಚೆಲ್ಲಿತು. ನಾನು ಸೆರಗು ಒಡ್ಡಿ ನಿಂತು ಅಳುತ್ತಿದ್ದೆ. ಹಬ್ಬದಲ್ಲಿ ಅಳಬಾರದೆಂದು ಆಯಿ ಗದರಲಿಲ್ಲ.

ಅಲ್ಲಿಂದಾಚೆ ಕೆಲವು ವರ್ಷ ಅಣ್ಣ ಬಂದ, ಕೆಲವು ವರ್ಷ ಬರಲಿಲ್ಲ. ಅಣ್ಣ ಬಾರದ ವರ್ಷ ಹಳ್ಳದ ಕಡೆಯಿಂದ ಗಾಡಿ ಬರುತ್ತಿತ್ತು. ಓಣಿಯಲ್ಲಿ ಕರೆಯುವವರಿಲ್ಲದ ಇತರರ ಬಾಗಿಲಿಗೂ ಅದು ನಿಲ್ಲತೊಡಗಿತು. ನಿಜಾಮನ ಆಳ್ವಿಕೆ ಮುಗಿಯುವ ಗಲಾಟೆಯ ವರ್ಷ ಓಣಿ ಅರ್ಧ ಖಾಲಿಯಾಗಿತ್ತು. ಆಗಲೂ ಆಯಿ ಜೋಕಾಲಿ ಕಟ್ಟಿದಳು. ಮರುವರ್ಷ ನಾನು ಹೆರಿಗೆಗೆಂದು ರಾಯಚೂರಿನಲ್ಲಿದ್ದೆ. ಅವಳು ಹೋದ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳಾಗಿ ಆ ಬಾಗಿಲಲ್ಲಿ ನಿಂತು ಅಳುವುದೂ ಆಗಲಿಲ್ಲ…

ಮೊನ್ನೆ ಆ ಬಾಗಿಲ ಮುಂದೆ ಹೀಗೆ ನಿಂತೇ ಇದ್ದೆ. ಒಳಗಿನಿಂದ ಒಬ್ಬ ಹುಡುಗಿ ಬಂದಳು. ಸೊಸೆಯಿರಬೇಕು, ಕೈತುಂಬ ಬಳೆ, ಗಲ್ಲಕ್ಕೆ ಅಳ್ಳಿನ ಹೊಟ್ಟು.

"ಯಾರು ಬೇಕಾಗಿತ್ತರೀ?"

ಬೇಕಾದವರು ಇರಲಿಲ್ಲ. ಹಾಗೆಂದು ಹೇಳಿ ಹೊರಟುಬಿಡುವುದು ನನ್ನ ಸ್ವಭಾವ. ಅವಳೇನು ತಿಳಿದಾಳು, ಓಣಿಯವರು ಏನೆಂದಾರು ಎಂದು ಚಿಂತೆಗಳು ಸಾಲುಗಟ್ಟಿ ಬಂದವು. ಅವನ್ನು ಅಲ್ಲೇ ನಿಲ್ಲಿಸಿ, "ಇದು ನನ್ನ ತವರುಮನಿ ಬೇ" ಎಂದೆ.

ಅವಳು ನನ್ನ ನರೆತ ಕೂದಲು ನೋಡಿದಳು, ಕೈಯಲ್ಲಿದ್ದ ಚೀಲ ನೋಡಿದಳು.

"ಹಂಗಾರ ಹೊರಗ್ಯಾಕ ನಿಂತೀರಿ? ಬರ್ರಿ."

ಒಳಗೆ ಹೋದೆ. ಆಯಿ ಇಲ್ಲದ ಆ ಮನೆಯಲ್ಲಿ ಮೊದಲ ಸಲ ಕೂತು, ನೀರು ಕುಡಿದೆ.