ಕೆಂಪು ದಾರದ ಎರಡು ಚೀಲ

ಸೆಪ್ಟೆಂಬರ್ ಬಂತೆಂದರೆ ಹ್ಯಾನಿ ಸ್ಕ್ಯಾನ್ಲನ್‌ಗೆ ಮೈಯೆಲ್ಲ ಉರಿ. ಕೊಯ್ಲು ಮುಗಿಸಿದ ರೈತರೆಲ್ಲ ಬ್ಯಾಲಿಬನ್ಯನ್ ಊರಿನ ಕಡಲತೀರಕ್ಕೆ ರಜೆ ಕಳೆಯಲು ಬಂದು ಬೀಳುವ ತಿಂಗಳದು. ಸುಮ್ಮನೆ ಬರುತ್ತಾರೆಯೇ? ತಮ್ಮ ಆಲೂಗಡ್ಡೆ, ತಮ್ಮ ಬೆಣ್ಣೆ, ತಮ್ಮ ಹಂದಿಮಾಂಸ, ಕೆಲವರಂತೂ ಜೀವಂತ ಕೋಳಿಯನ್ನೇ ಕಂಕುಳಲ್ಲಿ ಇರುಕಿಕೊಂಡು ಬಸ್ಸಿಳಿಯುತ್ತಾರೆ. ಹಾಸಿಗೆ, ಬೆಂಕಿ, ಉಪ್ಪು ಹ್ಯಾನಿಯದು, ಪದಾರ್ಥ ಅವರವರದು. ಬೇಯಿಸಿ ಬಡಿಸುವ ಕರ್ಮ ಮಾತ್ರ ಮತ್ತೆ ಹ್ಯಾನಿಯದೇ. ಅವಳ ಅಮ್ಮನ ಕಾಲದಿಂದಲೂ ಆ ವಸತಿಮನೆಯಲ್ಲಿ ಇದೇ ಪದ್ಧತಿ.

ಒಂದು ಸಂಸಾರಕ್ಕೆ ಒಂದು ಬಲೆಚೀಲ, ಅದರ ಬಾಯಿಗೆ ಒಂದು ಬಣ್ಣದ ದಾರ. ಎಲ್ಲರ ಆಲೂಗಡ್ಡೆಯೂ ಚೀಲದ ಸಮೇತ ಒಂದೇ ಹಂಡೆಯಲ್ಲಿ ಕುದಿಯಬೇಕು, ಆದರೆ ಒಬ್ಬರದು ಇನ್ನೊಬ್ಬರ ತಟ್ಟೆಗೆ ಹೋಗಕೂಡದು. ಹಿಂದೊಮ್ಮೆ ಹಸಿರು ದಾರದವರದು ನೀಲಿ ದಾರದವರಿಗೆ ಹೋಗಿಬಿಟ್ಟಿತ್ತು. ಆ ಎರಡು ಮನೆಯವರು ಇವತ್ತಿಗೂ ಎದುರಾದರೆ ಮುಖ ತಿರುಗಿಸುತ್ತಾರೆ. "ಇವರ ಗಡ್ಡೆಗೇನು ಚಿನ್ನದ ಸಿಪ್ಪೆ ಇದ್ಯಾ?" ಎಂದು ಹ್ಯಾನಿ ಒಲೆಗೆ ಕೇಳುತ್ತಾಳೆ. ಕೇಳಲು ಆ ಮನೆಯಲ್ಲಿ ಬೇರೆ ಯಾರಿದ್ದಾರೆ? ಅಣ್ಣತಮ್ಮಂದಿರೆಲ್ಲ ಬಾಸ್ಟನ್ನಿನ ಹಡಗು ಹತ್ತಿದರು. ಹಿರಿಮಗಳು ಇವಳು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಉಳಿದಳು. ತಾಯಿ ಹೋದಳು, ಹಂಡೆ ಉಳಿಯಿತು. ಕಿಟಕಿ ತೆರೆದರೆ ಕಡಲು, ಆದರೂ ಅದರಲ್ಲಿ ಕಾಲಿಟ್ಟು ಎಷ್ಟು ಕಾಲವಾಯಿತೋ ಅವಳಿಗೇ ನೆನಪಿಲ್ಲ. ಊರಿಗೆಲ್ಲ ಬೇಯಿಸಿಹಾಕುವ ಹೆಂಗಸಿನ ಊಟ ಎಂದರೆ ಒಲೆಯ ಮುಂದೆ ನಿಂತುಕೊಂಡೇ ಒಂದು ಚೂರು ಬ್ರೆಡ್ಡು, ಒಂದು ಲೋಟ ಚಹಾ.

ಬರುವವರಲ್ಲೆಲ್ಲ ದೊಡ್ಡ ತಲೆನೋವು ಥೇಡಿ ಲೇಹಿ. ಕ್ಯಾಂಟರ್ಕ್ ಕಡೆಯ ರೈತ, ಐವತ್ತು ದಾಟಿದ ಬ್ರಹ್ಮಚಾರಿ. ಪ್ರತಿ ಸೆಪ್ಟೆಂಬರಿನಲ್ಲೂ ಅದೇ ಮುಂದಿನ ಕೋಣೆ, ಅದೇ ಕೆಂಪು ದಾರ, ಅದೇ ತಕರಾರು. ಮೊಟ್ಟೆ ನೀರಾಯಿತು, ದಿಂಬು ಗಟ್ಟಿಯಾಯಿತು, ಕಿಟಕಿ ರಾತ್ರಿಯಿಡೀ ಶಿಳ್ಳೆ ಹೊಡೆಯಿತು. ಹ್ಯಾನಿ ರೇಗಿ ಕೂಗಾಡುತ್ತಾಳೆ. ಸಂಜೆ ನೋಡಿದರೆ ಆ ಮಹಾನುಭಾವ ಮನೆಯ ಕಿಟಕಿಗಳನ್ನೆಲ್ಲ ಬಿಗಿಮಾಡಿ, ಚಾಕುಗಳನ್ನು ಮಸೆದು, ಏನೂ ಆಗದವನಂತೆ ಕೂತಿರುತ್ತಾನೆ. ಹೊರಡುವ ದಿನ ಬಸ್ಸಿನ ಬಾಗಿಲಲ್ಲಿ ನಿಂತು, "ಹಾಗಾದ್ರೆ, ಹ್ಯಾನಿ..." ಎಂದು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಬಸ್ಸು ಹೊರಟುಬಿಡುತ್ತದೆ. ಹತ್ತು ವರ್ಷದಿಂದ ಅವಳು ಆ ಮುಂದಿನ ಮಾತಿಗೆ ಕಾದಿದ್ದಳು. ಮುಚ್ಚಿಡುವುದೇಕೆ, ಅವಳಿಗೆ ಅವನು ಬೇಕಾಗಿದ್ದ. ಈ ವರ್ಷವೂ ಬಾಯಿ ಬಿಡದಿದ್ದರೆ ಬರುವ ವರ್ಷ ಆ ಕೋಣೆ ಬೇರೆಯವರಿಗೆ ಎಂದು ನಿಶ್ಚಯ ಮಾಡಿಕೊಂಡಿದ್ದಳು.

ಈ ಸಲ ಥೇಡಿ ಎರಡು ಚೀಲ ತಂದ. ಎರಡಕ್ಕೂ ಕೆಂಪು ದಾರ.

"ಈ ಎರಡನೇದು ಯಾರದು?" ಎಂದಳು ಹ್ಯಾನಿ.

"ಬೇಯ್ಸಿ. ನನ್ನೆದುರಿಗೆ ಇನ್ನೊಂದು ತಟ್ಟೆ ಇಡಿ."

"ಯಾರಾದ್ರೂ ಬರ್ತಾರಾ?"

ಥೇಡಿಯ ಕಿವಿ ಕೆಂಪಾಯಿತು. "ಬರ್ತಾರೆ ಅಂತ ಆಸೆ."

ಹ್ಯಾನಿ ಎರಡು ದಾರವನ್ನೂ ಬೆರಳಲ್ಲಿ ಹಿಡಿದು ನೋಡಿದಳು. ಒಂದೇ ಬಣ್ಣದ ದಾರ ಎಂದರೆ ಒಂದೇ ಸಂಸಾರ, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಕಡಲಪಾಚಿ ಮಾರುವ ಪಕ್ಕದ ಮನೆಯ ಪೆಗ್ ಹೇಳದೆ ಬಿಟ್ಟಾಳೆಯೇ? "ಯಾವಳೋ ವಿಧವೆ ಸಿಕ್ಕಿರ್ಬೇಕು ಕಣೇ. ಹತ್ತು ವರ್ಷ ನೀನು ಮೊಟ್ಟೆ ಬೇಯ್ಸಿದ್ದೇ ಬಂತು, ಹುಂಜ ಇನ್ಯಾರ ಪಾಲಿಗೋ ಹೋಯ್ತು!"

"ಹೋದ್ರೆ ಹೋಗ್ಲಿ. ಆ ಗೊಣಗಪ್ಪನ್ನ ಕಟ್ಕೊಂಡೋಳು ಏಗ್ಲಿ," ಎಂದಳು ಹ್ಯಾನಿ. ಹೇಳಿ ಒಳಗೆ ಹೋಗಿ ಹಂಡೆಯ ಮುಚ್ಚಳವನ್ನು ಎತ್ತಿ ಕುಕ್ಕಿದಳು.

ಅಂದಿನಿಂದ ಎರಡನೆಯ ಚೀಲಕ್ಕೆ ಶನಿಕಾಟ ಶುರುವಾಯಿತು. ಉಳಿದವರದು ಸಿಪ್ಪೆ ಬಿರಿದು ಹಿಟ್ಟುಹಿಟ್ಟಾಗಿ ಬೇಯುತ್ತಿತ್ತು. ಆ ಚೀಲವನ್ನು ಮಾತ್ರ ಹಂಡೆಯಲ್ಲೇ ಮರೆತವಳಂತೆ ಬಿಟ್ಟು, ನೀರು ಕುಡಿದು ಸಾಬೂನಿನ ಹಾಗೆ ಆದಮೇಲೆ ತೆಗೆಯುತ್ತಿದ್ದಳು. ಬರಲಿ ಆ ಮಹಾರಾಣಿ, ಬಂದು ತಿನ್ನಲಿ! ಬಸ್ಸಿನ ಸದ್ದು ಕೇಳಿದಾಗಲೆಲ್ಲ ಕಿಟಕಿಗೆ ಓಡುತ್ತಿದ್ದಳು. ಯಾವ ಮಹಾರಾಣಿಯೂ ಇಳಿಯಲಿಲ್ಲ. ಥೇಡಿ ದಿನವೂ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ಬಡಿಸಲು ಬಂದವಳಿಗೆ, "ಸ್ವಲ್ಪ ಇರಿ, ಹ್ಯಾನಿ," ಎನ್ನುತ್ತಿದ್ದ.

"ಇರೋಕೆ ನನಗೆಲ್ಲಿ ಪುರುಸೊತ್ತು? ಅಲ್ಲಿ ಹಳದಿ ದಾರದವರ ಕೋಳಿ ಸೀದುಹೋಗ್ತಿದೆ!" ಎಂದು ಅವಳು ಓಡುತ್ತಿದ್ದಳು. ಊಟವಾದ ಮೇಲೆ ಅವನು ಆ ಆಲೂಗಡ್ಡೆಯನ್ನು ಕಡಲಹಕ್ಕಿಗಳಿಗೆ ಎಸೆದು ಬರುತ್ತಿದ್ದ. ಅದನ್ನು ಕಂಡು ಅವಳಿಗೆ ಮತ್ತಷ್ಟು ಉರಿಯುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಆ ವಾರವಿಡೀ ಅವನು ಒಂದು ತಕರಾರೂ ತೆಗೆಯಲಿಲ್ಲ. ಪ್ರೀತಿ ಬಂದರೆ ಗಂಡಸು ಹೀಗೂ ಕೆಡುತ್ತಾನೆಯೇ ಎಂದು ಅವಳಿಗೆ ಅಳುವೇ ಬಂತು.

ಹೊರಡುವ ದಿನ ಕೊನೆಯ ಊಟ. ಚಿಕ್ಕ ಪೆಟ್ಟಿಗೆ ಅವನ ಕಾಲ ಬಳಿ ಇತ್ತು, ಎದುರಿಗೆ ಅದೇ ಕವುಚಿದ ತಟ್ಟೆ. ಹ್ಯಾನಿಯ ತಾಳ್ಮೆಯ ಕಟ್ಟೆ ಒಡೆಯಿತು.

"ಯಾರ್ರೀ ಅದು? ಬರದೇ ಇರೋಳಿಗೆ ವಾರವೆಲ್ಲ ಬೇಯ್ಸಿ ಹಾಕೋಕೆ ನಾನೇನು ಅವಳ ಮನೆ ಆಳಾ? ಅವಳಿಗೆ ಬರೋ ಯೋಗ್ಯತೆ ಇಲ್ದಿದ್ರೆ ತಟ್ಟೆ ಯಾಕೆ?"

ಹಳದಿ ದಾರದ ಯಜಮಾನನ ಚಮಚ ಗಾಳಿಯಲ್ಲೇ ನಿಂತಿತು.

ಥೇಡಿ ತಟ್ಟೆಯ ಮುಚ್ಚಳ ತೆಗೆದ. "ನಿಮ್ದೇ," ಎಂದ. "ಹತ್ತು ವರ್ಷದಿಂದ ನೋಡ್ತಿದೀನಿ, ಒಂದು ದಿನ ಕೂತು ಊಟ ಮಾಡಿದ್ದಿಲ್ಲ ನೀವು. ನನ್ನ ಹೊಲದ್ದು, ಆರಿಸಿ ತಂದೆ. ವಾರವೆಲ್ಲ ಇರಿ ಇರಿ ಅಂದೆ. ನಿಂತ್ರೆ ತಾನೇ ಹೇಳೋದು!"

"ಬಾಯಲ್ಲಿ ಹೇಳೋಕೆ ಏನು ಧಾಡಿ ನಿಮಗೆ?" ಎಂದಳು ಹ್ಯಾನಿ. ಅವನೆದುರಿನ ಕುರ್ಚಿಯನ್ನು ಎಳೆದು ಕೂತಳು. ಆ ಕುರ್ಚಿ ಅಷ್ಟು ಮೆತ್ತಗಿದೆಯೆಂದು ಅವಳಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಆಲೂಗಡ್ಡೆ ಮುರಿದು ಬಾಯಿಗಿಟ್ಟಳು. ಥೂ! ನೀರು ಕುಡಿದ ಸಾಬೂನು. ಮಾಡಿದ್ದುಣ್ಣೋ ಮಹಾರಾಯ!

"ಈ ಮನೆಯೊಡತಿ ವಾರದಿಂದ ಹೀಗೇ ಬೇಯ್ಸ್ತಿದಾಳೆ," ಎಂದ ಥೇಡಿ. "ನಿಮಗೆ ಹೀಗೇ ಇಷ್ಟವೇನೋ ಅಂತ ನಾನು ಸುಮ್ನಿದ್ದೆ."

ಹೊರಗೆ ಬಸ್ಸು ಹಾರನ್ ಹೊಡೆಯಿತು. ಪೆಟ್ಟಿಗೆಯ ಕಡೆ ಥೇಡಿಯ ಕೈ ಹೋಗಲಿಲ್ಲ. ತನ್ನ ತಟ್ಟೆಯಿಂದ ಚೆನ್ನಾಗಿ ಬಿರಿದ ಒಂದು ಆಲೂಗಡ್ಡೆಯನ್ನು ಅವಳ ತಟ್ಟೆಗೆ ಹಾಕಿದ. ಒಬ್ಬರದು ಇನ್ನೊಬ್ಬರ ತಟ್ಟೆಗೆ ಬಿದ್ದದ್ದನ್ನು ಕೋಣೆಯವರೆಲ್ಲ ನೋಡಿದರು. ಯಾರೂ ಜಗಳ ತೆಗೆಯಲಿಲ್ಲ.

ಹ್ಯಾನಿ ಅದನ್ನು ನಿಧಾನವಾಗಿ, ಸಿಪ್ಪೆಯನ್ನೂ ಬಿಡದೆ ತಿಂದು ಮುಗಿಸಿದಳು. ಆಮೇಲೆ ಅಡುಗೆಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡು ಗದರಿದಳು:

"ಇನ್ಮೇಲೆ ಎರಡೆರಡು ಚೀಲ ತಂದು ನನ್ನ ಪ್ರಾಣ ತಿನ್ಬೇಡಿ. ಎಲ್ಲಾ ಒಂದರಲ್ಲೇ ಹಾಕಿ."